ಪ್ರಾಜೆಕ್ಟ್ ಮುಗಿಯುವುದು ಮೇನಲ್ಲಿ, ಅಡಿಕೆ ಬರುವುದು ಸೆಪ್ಟೆಂಬರಿನಲ್ಲಿ

ಪ್ರಶ್ನೆ: ನಾವು ನಾಲ್ವರು ಶಿವಮೊಗ್ಗ ಜಿಲ್ಲೆಯ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು. ಬೇಯಿಸಿ ಒಣಗಿಸಿದ ಅಡಿಕೆಯನ್ನು ಕ್ಯಾಮೆರಾದಿಂದ ಗುರುತಿಸಿ ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳಾಗಿ ಬೇರೆ ಮಾಡುವ ಸಣ್ಣ ಯಂತ್ರವನ್ನು ಪ್ರಾಜೆಕ್ಟ್ ಆಗಿ ಮಾಡಿದ್ದೇವೆ. ಲ್ಯಾಬಿನಲ್ಲಿ ನೂರಕ್ಕೆ 94 ಸರಿ ಬರುತ್ತಿದೆ. ಕಳೆದ ತಿಂಗಳು ಕಾಲೇಜಿನ ಪ್ರದರ್ಶನದಲ್ಲಿ ಬಹುಮಾನವೂ ಬಂತು. ಕಾಲೇಜಿನ ಹೆಸರಿನಲ್ಲಿ ಪೇಟೆಂಟ್ ಹಾಕೋಣ, ಸಹಿ ಮಾಡಿ ಎಂದು ಗೈಡ್ ಹೇಳುತ್ತಿದ್ದಾರೆ. ಪ್ರದರ್ಶನ ನೋಡಿದ ಅಡಿಕೆ ಮಂಡಿಯವರೊಬ್ಬರು ಎರಡು ಯಂತ್ರ ಕೇಳಿದ್ದಾರೆ. ನಮ್ಮಲ್ಲಿ ಇಬ್ಬರಿಗೆ ಕ್ಯಾಂಪಸ್ ಸೆಲೆಕ್ಷನ್ ಆಗಿದೆ. ಕಂಪನಿ ಮಾಡಬೇಕೇ? ಈ ಯಂತ್ರ ಯಾರದ್ದು? ದುಡ್ಡು ಎಲ್ಲಿ ಸಿಗುತ್ತದೆ?

ಉತ್ತರ: ನೀವು ಕೇಳದ ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಬರುವ ಸೆಪ್ಟೆಂಬರಿನಲ್ಲಿ ನಿಮ್ಮ ನಾಲ್ವರಲ್ಲಿ ಯಾರು ಊರಲ್ಲಿರುತ್ತೀರಿ?

ಕಾಲೇಜಿನ ಲೆಕ್ಕದಲ್ಲಿ ನಿಮ್ಮ ಯಂತ್ರ ಮೇ ತಿಂಗಳ ವೈವಾಕ್ಕೆ ಸಿದ್ಧವಾದರೆ ಸಾಕು. ಅಡಿಕೆಯ ಲೆಕ್ಕ ಬೇರೆ. ಚನ್ನಗಿರಿ, ಭದ್ರಾವತಿ ಕಡೆ ಮಳೆಗಾಲ ಮುಗಿಯುವ ಮೊದಲೇ ಕೊಯ್ಲು ಶುರುವಾಗುತ್ತದೆ. ತೀರ್ಥಹಳ್ಳಿ, ಸಾಗರದ ಕಡೆ ಇನ್ನೂ ತಡ, ಜನವರಿ ದಾಟಿದರೂ ಅಂಗಳದಲ್ಲಿ ಅಡಿಕೆ ಇರುತ್ತದೆ. ಅಂದರೆ ನಿಮ್ಮ ಯಂತ್ರ ಹುಟ್ಟುವುದು ಅಡಿಕೆ ಇಲ್ಲದ ಹೊತ್ತಿನಲ್ಲಿ. ಅದಕ್ಕೆ ನಿಜವಾದ ಪರೀಕ್ಷೆ ಬರುವ ಹೊತ್ತಿಗೆ ಇಬ್ಬರು ಬೆಂಗಳೂರಿನಲ್ಲೋ ಪುಣೆಯಲ್ಲೋ ಟ್ರೇನಿಂಗಿನಲ್ಲಿರುತ್ತಾರೆ, ಇನ್ನೊಬ್ಬರು ಗೇಟ್ ಪರೀಕ್ಷೆಗೆ ಓದುತ್ತಿರುತ್ತಾರೆ, ಯಂತ್ರ ಡಿಪಾರ್ಟ್‌ಮೆಂಟಿನ ಮೂಲೆಯಲ್ಲಿ ಮುಂದಿನ ಬ್ಯಾಚಿಗೆ ತೋರಿಸುವ ಮಾದರಿಯಾಗಿರುತ್ತದೆ. ಹೊಸ ಉದ್ದಿಮೆಗಳಿಗೆ ನೆರವಾಗುವ ಇನ್‌ಕ್ಯುಬೇಷನ್ ಕೇಂದ್ರಗಳಲ್ಲಿ ಕೆಲಸ ಮಾಡುತ್ತ ನಾನು ನೋಡಿದ ಕೃಷಿ ಯಂತ್ರಗಳಲ್ಲಿ ಹೆಚ್ಚಿನವು ನಿಂತುಹೋದದ್ದು ದುಡ್ಡಿಲ್ಲದೆ ಅಲ್ಲ, ಪೇಟೆಂಟ್ ಇಲ್ಲದೆಯೂ ಅಲ್ಲ. ಮೊದಲ ಸುಗ್ಗಿಯಲ್ಲಿ ಯಂತ್ರದ ಪಕ್ಕ ನಿಲ್ಲುವವರಿರಲಿಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ನನ್ನ ಉತ್ತರ ಈ ಒಂದು ವಿಷಯದ ಮೇಲೆ ನಿಂತಿದೆ.

ಮೊದಲು ಆ 94ರ ಬಗ್ಗೆ. ಲ್ಯಾಬಿನ ಟ್ಯೂಬ್‌ಲೈಟಿನ ಕೆಳಗೆ, ಒರೆಸಿದ ಬೆಲ್ಟಿನ ಮೇಲೆ, ಬಹುಶಃ ಒಂದೆರಡು ಮನೆಗಳಿಂದ ತಂದ ಅಡಿಕೆಗೆ ಬಂದ ಸಂಖ್ಯೆ ಅದು. ಅಡಿಕೆ ಮನೆಯಲ್ಲಿ ಧೂಳಿರುತ್ತದೆ. ಚೊಗರಿನಲ್ಲಿ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಅದ್ದಿ ಬೇಯಿಸಿದ ಅಡಿಕೆಯ ಬಣ್ಣ ಬೆಲ್ಟಿಗೂ ಲೆನ್ಸಿಗೂ ಅಂಟುತ್ತದೆ. ಸಂಜೆ ವೋಲ್ಟೇಜ್ ಇಳಿದರೆ ನಿಮ್ಮ ದೀಪದ ಬೆಳಕೂ ಬದಲಾಗುತ್ತದೆ, ಮಾಡೆಲ್ ಬೆಟ್ಟೆಯನ್ನು ಗೊರಬಲು ಅನ್ನಲು ಶುರು ಮಾಡುತ್ತದೆ. ಚೊಗರಿನ ಹದ ಮನೆಯಿಂದ ಮನೆಗೆ ಬೇರೆ, ಆದ್ದರಿಂದ ಕೆಂಪೂ ಬೇರೆ. ಘಟ್ಟದ ಕೆಳಗೆ ಹೋದರಂತೂ ಬೇಯಿಸುವ ಪದ್ಧತಿಯೇ ಇಲ್ಲ. ಅಲ್ಲಿ ಸಿಪ್ಪೆ ಸಮೇತ ಒಣಗಿಸಿದ ಚಾಲಿ, ಅದರಲ್ಲಿ ಪಟೋರ, ಉಳ್ಳಿ, ಕೋಕ ಎಂಬ ಬೇರೆಯೇ ವಿಂಗಡಣೆ. ನಿಮ್ಮ ಮಾಡೆಲ್ ಅಲ್ಲಿ ಮೊದಲಿನಿಂದ ಕಲಿಯಬೇಕು.

ಇನ್ನು ತಪ್ಪುವ ಆ ಆರು ಯಾವ ಕಡೆಗೆ ತಪ್ಪುತ್ತವೆ? ಹೆಚ್ಚು ಬೆಲೆಯ ಬೆಟ್ಟೆ ಹೋಗಿ ರಾಶಿಗೆ ಬಿದ್ದರೆ ಬೆಳೆಗಾರನಿಗೆ ನಷ್ಟ. ಕಡಿಮೆ ಬೆಲೆಯ ಗೊರಬಲು ಹೋಗಿ ರಾಶಿಗೆ ಬಿದ್ದರೆ ಕೊಂಡವನು ಮುಂದಿನ ಸಲ ಇಡೀ ಮೂಟೆಯ ದರ ಇಳಿಸುತ್ತಾನೆ. ವೈವಾದಲ್ಲಿ ಎರಡೂ ಒಂದೇ ಬಗೆಯ ತಪ್ಪು. ಮಂಡಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಯಾವ ತಪ್ಪು ಎಷ್ಟು ಎಂದು ಬೇರೆ ಬೇರೆ ಬರೆದಿಡಿ. ಅನುಮಾನ ಬಂದ ಅಡಿಕೆಯನ್ನು ತೀರ್ಮಾನ ಮಾಡದೆ ನಾಲ್ಕನೇ ಬುಟ್ಟಿಗೆ ತಳ್ಳುವ ವ್ಯವಸ್ಥೆ ಮಾಡಿ, ಅದನ್ನು ಆರಿಸುವ ಹೆಂಗಸರು ಕೈಯಲ್ಲಿ ನೋಡಲಿ. ಶೇಕಡಾವಾರು ಹೆಚ್ಚಿಸಲು ಆರು ತಿಂಗಳು ಗುದ್ದಾಡುವುದಕ್ಕಿಂತ ಈ ನಾಲ್ಕನೇ ಬುಟ್ಟಿ ಬೇಗ ಫಲ ಕೊಡುತ್ತದೆ.

ಮಂಡಿಯವರ ಆರ್ಡರ್ ಸಂತೋಷದ ಸುದ್ದಿ. ಆದರೂ ಯಂತ್ರ ಮಂಡಿಯಲ್ಲಿ ಕೂತರೆ ಬೆಳೆಗಾರ ಅದನ್ನು ಖರೀದಿದಾರನ ಯಂತ್ರ ಎಂದೇ ನೋಡುತ್ತಾನೆ. ಗ್ರೇಡ್ ಎಂದರೆ ದರ, ದರದ ವಿಷಯದಲ್ಲಿ ಎದುರು ಪಕ್ಷದ ಯಂತ್ರವನ್ನು ಯಾರೂ ಸುಮ್ಮನೆ ನಂಬುವುದಿಲ್ಲ. ಹಾಗೆಂದು ಎರಡೆಕರೆ ತೋಟದವರು ಇದನ್ನು ಕೊಳ್ಳುತ್ತಾರೆಯೇ? ವರ್ಷದಲ್ಲಿ ಕೆಲವೇ ವಾರ ಓಡುವ ಯಂತ್ರಕ್ಕೆ ಅವರು ದುಡ್ಡು ಹಾಕಲಾರರು. ನನ್ನ ಅಂದಾಜಿನಲ್ಲಿ ನಿಮ್ಮ ನಿಜವಾದ ಗಿರಾಕಿ ಚೇಣಿ ಹಿಡಿಯುವವರು, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಳ್ಳುವವರು. ಹತ್ತಾರು ತೋಟದ ಫಸಲು ಒಂದೇ ಕಡೆ ಸುಲಿದು, ಬೇಯಿಸಿ, ಒಣಗಿಸುವವರು ಅವರೇ. ಆಳಿನ ಕೊರತೆ ಅವರಿಗೆ ಹೆಚ್ಚು ತಟ್ಟುತ್ತದೆ, ಯಂತ್ರಕ್ಕೆ ತಿಂಗಳುಗಟ್ಟಲೆ ಕೆಲಸವೂ ಇರುತ್ತದೆ. ಸುಲಿಯುವ ಯಂತ್ರವನ್ನೂ ಎಲ್ಲರೂ ಕೊಂಡಿಲ್ಲವಲ್ಲ, ಇದ್ದವರು ಬಾಡಿಗೆಗೆ ಓಡಿಸುತ್ತಾರೆ. ನೀವೂ ಮೊದಲ ಸುಗ್ಗಿಯಲ್ಲಿ ಯಂತ್ರ ಮಾರಬೇಡಿ. ಕ್ವಿಂಟಲಿಗೆ ಇಷ್ಟು ಎಂದು ಕೂಲಿಗೆ ಓಡಿಸಿ. ಕೆಟ್ಟಾಗ ರಿಪೇರಿ ಮಾಡಲು ನೀವೇ ಅಲ್ಲಿರುತ್ತೀರಿ, ಫೋಟೋಗಳು ಸೇರುತ್ತ ಹೋಗುತ್ತವೆ, ಮಾರಿದ ಯಂತ್ರ ವಾಪಸ್ ಬಂತು ಎಂಬ ಕೆಟ್ಟ ಹೆಸರೂ ಬರುವುದಿಲ್ಲ. ಮಂಡಿಯವರಿಗೂ ಇದನ್ನೇ ಹೇಳಿ, ಒಂದು ಯಂತ್ರವನ್ನು ಅವರಲ್ಲಿ ಓಡಿಸಲು ಮುಂಗಡ ಕೇಳಿ. ಮುಂಗಡ ಕೊಡುವವರೆಗೆ ಅದು ಆರ್ಡರ್ ಅಲ್ಲ, ಮೆಚ್ಚುಗೆ.

ಈಗ ಪೇಟೆಂಟ್. ಇದರಲ್ಲಿ ಸ್ವಲ್ಪ ಅವಸರ ಬೇಕು, ಸಹಿ ಹಾಕುವುದರಲ್ಲಿ ಮಾತ್ರ ಬೇಡ.

ಭಾರತದ ಕಾನೂನಿನಲ್ಲಿ ಅರ್ಜಿಗೆ ಮೊದಲೇ ಬಹಿರಂಗವಾದ ವಿಷಯಕ್ಕೆ ಪೇಟೆಂಟ್ ಸಿಗುವುದಿಲ್ಲ. ಪ್ರದರ್ಶನಕ್ಕೆ 12 ತಿಂಗಳ ರಿಯಾಯಿತಿ ಇದೆ ಎಂದು ಯಾರಾದರೂ ಧೈರ್ಯ ಹೇಳಿದರೆ ಪೂರ್ತಿ ನಂಬಬೇಡಿ. ಆ ರಿಯಾಯಿತಿ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮತ್ತು ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧದಂಥ ಕೆಲವೇ ಸಂದರ್ಭಗಳಿಗೆ. ಕಾಲೇಜಿನ ಪ್ರದರ್ಶನ ಆ ಪಟ್ಟಿಯಲ್ಲಿರುವುದು ಕಷ್ಟ. ಹಾಗಾದರೆ ಎಲ್ಲ ಕೈಬಿಟ್ಟಿತೇ? ಇಲ್ಲ. ಯಂತ್ರ ಓಡುವುದನ್ನು ಹೊರಗಿನಿಂದ ನೋಡಿದವನಿಗೆ ಒಳಗಿನ ಉಪಾಯ ತಿಳಿದಿರಲಿಕ್ಕಿಲ್ಲ. ಪೋಸ್ಟರಿನಲ್ಲಿ ಏನು ಬರೆದಿದ್ದಿರಿ, ಬಂದವರಿಗೆ ಏನು ವಿವರಿಸಿದಿರಿ ಎಂದು ಈಗಲೇ ನೆನಪು ಮಾಡಿಕೊಂಡು ಪಟ್ಟಿ ಮಾಡಿ. ಅದಕ್ಕಿಂತ ಮುಖ್ಯವಾಗಿ, ಪ್ರಾಜೆಕ್ಟಿನ ಜೊತೆ ಒಂದು ಪೇಪರ್ ಪಬ್ಲಿಷ್ ಮಾಡಿ ಎಂಬ ಒತ್ತಡ ಎಲ್ಲ ಕಡೆ ಇದೆಯಲ್ಲ, ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕುವ ಆನ್‌ಲೈನ್ ಜರ್ನಲ್‌ಗಳು, ಅದಕ್ಕೆ ಇನ್ನೂ ಕಳಿಸಿಲ್ಲವಾದರೆ ತಡೆಯಿರಿ. ಪೇಟೆಂಟ್ ಅರ್ಜಿಯ ಹಿಂದಿನ ದಿನ ಬಂದ ಪೇಪರ್ ಕೂಡ ನಿಮ್ಮ ವಿರುದ್ಧದ ಸಾಕ್ಷಿಯೇ.

ಮಾಡಬೇಕಾದದ್ದು ಪ್ರೊವಿಷನಲ್ ಅರ್ಜಿ, ಅಂದರೆ ಮೊದಲ ವಿವರ ಕೊಟ್ಟು ದಿನಾಂಕ ಕಾಯ್ದಿರಿಸುವ ತಾತ್ಕಾಲಿಕ ಅರ್ಜಿ. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, 2021ರ ತಿದ್ದುಪಡಿಯ ನಂತರ ಶಿಕ್ಷಣ ಸಂಸ್ಥೆಗಳಿಗೂ, ಆನ್‌ಲೈನಿನಲ್ಲಿ ಸಲ್ಲಿಸಲು ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆ ಕೊಡಲು 12 ತಿಂಗಳು ಸಿಗುತ್ತದೆ. ಒಂದು ಸುಗ್ಗಿ ಪೂರ್ತಿ ಯಂತ್ರ ಓಡಿಸಿ, ಕಲಿತದ್ದನ್ನೆಲ್ಲ ಸೇರಿಸಲು ಇಷ್ಟು ಸಾಕು. ಆದರೆ ಯಾವುದಕ್ಕೆ ಪೇಟೆಂಟ್ ಕೇಳುತ್ತೀರಿ? ಪೇಟೆಂಟ್ ಕಾಯ್ದೆಯ ಸೆಕ್ಷನ್ 3ರ ‘ಕೆ’ ಉಪವಿಧಿ ಬರೀ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಆಲ್ಗಾರಿದಂಗಳನ್ನು ಹೊರಗಿಟ್ಟಿದೆ. ಬಣ್ಣ ನೋಡಿ ಕಾಳು ಬೇರೆ ಮಾಡುವ ಸಾರ್ಟರ್‌ಗಳು ಅಕ್ಕಿ ಗಿರಣಿಗಳಲ್ಲಿ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬಹಳ ಕಾಲದಿಂದ ಇವೆ. ಹಾಗಾಗಿ ‘ಕ್ಯಾಮೆರಾದಿಂದ ಅಡಿಕೆ ವಿಂಗಡಿಸುವ ಯಂತ್ರ’ ಎಂಬ ದೊಡ್ಡ ಹಕ್ಕು ನಿಲ್ಲುವುದಿಲ್ಲ. ಉರುಳುವ ಅಡಿಕೆಯನ್ನು ಒಂದೊಂದಾಗಿ ಹೇಗೆ ಸಾಲಿಗೆ ತಂದಿರಿ, ಅದರ ಎರಡೂ ಮುಖ ಹೇಗೆ ನೋಡಿದಿರಿ, ಬೆಳಕು ಹೇಗೆ ಕೂರಿಸಿದಿರಿ, ನಿಮ್ಮದು ಎನ್ನಬಹುದಾದದ್ದು ಅಲ್ಲಿ ಇದ್ದೀತು.

ಗೈಡ್ ಹೇಳುವ ‘ಪೇಟೆಂಟ್’ ಯಾವುದು ಎಂದೂ ವಿನಯದಿಂದ ಕೇಳಿ. ಅರ್ಜಿ ಹಾಕಿ 18 ತಿಂಗಳಾದರೆ, ಅಥವಾ 2,500 ರೂಪಾಯಿ ಹೆಚ್ಚುವರಿ ಕಟ್ಟಿದರೆ ಬಹಳ ಬೇಗ, ಪೂರ್ಣ ವಿವರಣೆ ಸಲ್ಲಿಸಿದ ಯಾವ ಅರ್ಜಿಯಾದರೂ ಪೇಟೆಂಟ್ ಜರ್ನಲ್ಲಿನಲ್ಲಿ ಪ್ರಕಟವಾಗುತ್ತದೆ. ಪೇಟೆಂಟ್ ಕೊಡಬಹುದೇ ಎಂದು ಕಚೇರಿ ನಡೆಸುವ ಪರೀಕ್ಷೆ ಅದರ ನಂತರದ ಹಂತ, ಅದಕ್ಕೆ ಬೇರೆ ಅರ್ಜಿ, ಬೇರೆ 4,000 ರೂಪಾಯಿ. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ಶ್ರೇಯಾಂಕದಲ್ಲಿ ಪ್ರಕಟವಾದ ಪೇಟೆಂಟ್‌ಗೂ ಲೆಕ್ಕವಿದೆ. ಅದಕ್ಕೇ ಎಷ್ಟೋ ಕಾಲೇಜುಗಳ ಉತ್ಸಾಹ ಪ್ರಕಟಣೆಗೇ ನಿಂತುಬಿಡುತ್ತದೆ. ನಿಮಗೆ ಅದರಿಂದ ಲಾಭವಿಲ್ಲ, ನಷ್ಟವಿದೆ. ಉಪಾಯ ಊರಿಗೆಲ್ಲ ತಿಳಿಯಿತು, ಹಕ್ಕು ಬರಲಿಲ್ಲ.

ಯಂತ್ರ ಯಾರದ್ದು ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ನೀವು ಕಾಲೇಜಿನ ನೌಕರರಲ್ಲ. ಸಂಶೋಧಕರು ಬರೆದುಕೊಡದೆ ಕಾಲೇಜು ತನ್ನ ಹೆಸರಿನಲ್ಲಿ ಅರ್ಜಿ ಹಾಕಲು ಬರುವುದಿಲ್ಲ, ಅದಕ್ಕೇ ನಿಮ್ಮ ಸಹಿ ಕೇಳುತ್ತಿರುವುದು. ನೀವು ಬರೆದ ಕೋಡಿನ ಕಾಪಿರೈಟ್ ಕೂಡ ಮೊದಲಿಗೆ ನಿಮ್ಮದೇ. ಇನ್ನೊಂದು ಕಡೆ, ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಸೇರಿ 2019ರಲ್ಲಿ ವಿದ್ಯಾರ್ಥಿ ಹಾಗೂ ಅಧ್ಯಾಪಕರ ಸ್ಟಾರ್ಟಪ್‌ಗಳಿಗಾಗಿ ತಂದ ನೀತಿಯಿದೆ. ಸಂಸ್ಥೆಯ ಸೌಲಭ್ಯ, ಹಣ ಗಣನೀಯವಾಗಿ ಬಳಸಿದ್ದರೆ ಅಥವಾ ಪಠ್ಯಕ್ರಮದ ಭಾಗವಾಗಿ ಮಾಡಿದ್ದರೆ ಹಕ್ಕು ಜಂಟಿ ಎನ್ನುತ್ತದೆ ಅದು. ಪಠ್ಯದ ಹೊರಗೆ, ಸ್ವಂತ ಖರ್ಚಿನಲ್ಲಿ ಮಾಡಿದ್ದು ಪೂರ್ತಿ ವಿದ್ಯಾರ್ಥಿಯದ್ದು. ಫೈನಲ್ ಇಯರ್ ಪ್ರಾಜೆಕ್ಟ್ ಪಠ್ಯಕ್ರಮದ ಭಾಗವೇ. ಆ ನೀತಿ ಕಾಲೇಜುಗಳಿಗೆ ಮಾರ್ಗಸೂಚಿ, ನಿಮ್ಮ ಕಾಲೇಜು ಅದರ ಆಧಾರದಲ್ಲಿ ತನ್ನದೇ ನಿಯಮ ಮಾಡಿಕೊಂಡಿದೆಯೇ ಎಂದು ಪ್ರಿನ್ಸಿಪಾಲರ ಕಚೇರಿಯಲ್ಲಿ ಲಿಖಿತವಾಗಿ ಕೇಳಿ.

ಜಂಟಿ ಎಂದರೆ ನ್ಯಾಯವಾಗಿಯೇ ಕೇಳಿಸುತ್ತದೆ. ಅದರ ಕುಣಿಕೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 50ರಲ್ಲಿದೆ. ಬೇರೆ ಒಪ್ಪಂದವಿಲ್ಲದಿದ್ದರೆ ಜಂಟಿ ಒಡೆಯರಲ್ಲಿ ಪ್ರತಿಯೊಬ್ಬರೂ ಆವಿಷ್ಕಾರವನ್ನು ತಮಗಾಗಿ ಬಳಸಬಹುದು, ಆದರೆ ಉಳಿದವರ ಒಪ್ಪಿಗೆಯಿಲ್ಲದೆ ಲೈಸೆನ್ಸ್ ಕೊಡುವಂತಿಲ್ಲ, ಪಾಲನ್ನು ಮಾರುವಂತಿಲ್ಲ. ನಾಳೆ ಒಬ್ಬ ಯಂತ್ರ ತಯಾರಕ ಲೈಸೆನ್ಸ್ ಕೇಳಿದರೆ ಆಡಳಿತ ಮಂಡಳಿಯ ಮುಂದಿನ ಸಭೆಯವರೆಗೆ ಕಾಯಬೇಕು, ಅಷ್ಟರಲ್ಲಿ ಆತ ಇನ್ನೊಬ್ಬರನ್ನು ಹಿಡಿದಿರುತ್ತಾನೆ. ಆದ್ದರಿಂದ ಕಾಲೇಜಿನ ಹೆಸರು ಸೇರಿಸಲು ಜಗಳ ಬೇಡ, ಅದೇ ದಿನ ಇನ್ನೊಂದು ಕಾಗದ ಕೇಳಿ: ಈ ನಾಲ್ವರು ಮುಂದೆ ಮಾಡುವ ಸಂಸ್ಥೆಗೆ ಇದನ್ನು ಬಳಸಲು, ಉಪಲೈಸೆನ್ಸ್ ಕೊಡಲು ಕಾಲೇಜು ಈಗಲೇ ಒಪ್ಪಿದೆ, ಪ್ರತಿಯಾಗಿ ಇಂತಿಷ್ಟು ರಾಯಲ್ಟಿ ಅಥವಾ ಪಾಲು. ಮೇಲೆ ಹೇಳಿದ ನೀತಿಯೇ ಕಾಲೇಜು ತನ್ನ ನೆರವಿಗೆ ಪ್ರತಿಯಾಗಿ 2ರಿಂದ 9.5 ಶೇಕಡಾ ಪಾಲು ಪಡೆಯಬಹುದು ಎನ್ನುತ್ತದೆ. ಯಾರಾದರೂ 30 ಕೇಳಿದರೆ ಈ ಅಂಕಿ ತೋರಿಸಿ. ಕಾಲೇಜಿಗೂ ಇದು ನಷ್ಟದ ವ್ಯವಹಾರವಲ್ಲ. ಗೂಗಲ್ ಶುರುವಾದದ್ದು ಯಾವ ಹುಡುಕುವ ವಿಧಾನದ ಮೇಲೋ ಅದರ ಪೇಟೆಂಟ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ವಿಶ್ವವಿದ್ಯಾಲಯ ಅದನ್ನು ತನ್ನ ವಿದ್ಯಾರ್ಥಿಗಳ ಕಂಪನಿಗೇ ಲೈಸೆನ್ಸ್ ಕೊಟ್ಟು ಷೇರು ಪಡೆಯಿತು, 2005ರಲ್ಲಿ ಆ ಷೇರು ಮಾರಿದಾಗ ಬಂದದ್ದು 33.6 ಕೋಟಿ ಡಾಲರ್.

ಗೈಡ್ ಹೆಸರು ಸಂಶೋಧಕರ ಪಟ್ಟಿಯಲ್ಲಿ ಇರಬೇಕೇ? ಉಪಾಯದಲ್ಲಿ ಅವರ ತಲೆ ಓಡಿದ್ದರೆ ಇರಲೇಬೇಕು, ತಪ್ಪಿಸುವುದು ಅನ್ಯಾಯ. ಹಾಜರಾತಿ ಮತ್ತು ರಿಪೋರ್ಟಿಗೆ ಸಹಿ ಮಾತ್ರವಾದರೆ ಬೇಡ. ಎಚ್‌ಒಡಿ, ಪ್ರಿನ್ಸಿಪಾಲ್ ಹೆಸರುಗಳನ್ನು ಗೌರವಕ್ಕಾಗಿ ಸೇರಿಸುವ ಪದ್ಧತಿ ಕೆಲವೆಡೆ ಇದೆ, ಪೇಟೆಂಟ್ ಅರ್ಜಿ ಆಮಂತ್ರಣ ಪತ್ರಿಕೆಯಲ್ಲ.

ಕಾಲೇಜಿಗಿಂತ ದೊಡ್ಡ ತೊಡಕು ನಿಮ್ಮ ಕೋಡಿನಲ್ಲೇ ಇರಬಹುದು. ಚಿತ್ರ ಗುರುತಿಸಲು ವಿದ್ಯಾರ್ಥಿಗಳು ಹೆಚ್ಚಾಗಿ ಹಿಡಿಯುವುದು ಅಲ್ಟ್ರಾಲಿಟಿಕ್ಸ್ ಕಂಪನಿಯ ಯೋಲೊ. ಅದರ ಉಚಿತ ಆವೃತ್ತಿಗೆ ಎಜಿಪಿಎಲ್ ಲೈಸೆನ್ಸ್. ಅದನ್ನು ಸೇರಿಸಿದ ಯಂತ್ರ ಮಾರಿದರೆ ನಿಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ತೆರೆದಿಡಬೇಕು, ಇಲ್ಲವೇ ಅವರಿಂದ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಪ್ರಾಜೆಕ್ಟಿಗೆ ಇದು ಅಡ್ಡಿಯಲ್ಲ, ವ್ಯಾಪಾರಕ್ಕೆ ಅಡ್ಡಿ. ಸಡಿಲ ಲೈಸೆನ್ಸಿನ ಬೇರೆ ಮಾಡೆಲ್‌ಗಳಿವೆ, ಸುಗ್ಗಿಗೆ ಮೊದಲೇ ಬದಲಾಯಿಸಿಕೊಳ್ಳಿ. ಒಂದು ಮಾತು ಕೇಳಿ: ನಿಮ್ಮ ಬಳಿ ಇರುವ ನಿಜವಾದ ಆಸ್ತಿ ಮಾಡೆಲ್ ಅಲ್ಲ, ಅನುಭವಸ್ಥರು ನೋಡಿ ಇದು ಬೆಟ್ಟೆ, ಇದು ರಾಶಿ ಎಂದು ಹೇಳಿದ ಅಡಿಕೆಗಳ ಚಿತ್ರಗಳು. ಮಾಡೆಲ್ ಯಾರು ಬೇಕಾದರೂ ತರಬಹುದು. ಹತ್ತು ಊರುಗಳ, ಇಡೀ ಸುಗ್ಗಿಯ, ಸರಿಯಾಗಿ ಗುರುತು ಮಾಡಿದ ಚಿತ್ರಗಳು ಸುಲಭಕ್ಕೆ ಸಿಗುವುದಿಲ್ಲ.

ಕಂಪನಿ? ಈಗ ಬೇಡ. ಪ್ರೈವೇಟ್ ಲಿಮಿಟೆಡ್ ಮಾಡುವುದು ಕೆಲವು ದಿನದ ಕೆಲಸ, ಇಟ್ಟುಕೊಳ್ಳುವುದು ಕಷ್ಟ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಪ್ರತಿವರ್ಷ ಆಡಿಟ್ ಆಗಬೇಕು, ವಾರ್ಷಿಕ ಫಾರಂಗಳು ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ, ಅದಕ್ಕೆ ಮಿತಿಯಿಲ್ಲ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಆಡಿಟ್ ಬೇಕಾಗುವುದು ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದ ಮೇಲೆ. ಒಂದು ಸುಗ್ಗಿಯ ಕೂಲಿ ಓಟಕ್ಕೆ ಒಬ್ಬರ ಹೆಸರಿನ ಉದ್ಯಮವೂ ಸಾಕು, ಸಣ್ಣ ಉದ್ಯಮಗಳಿಗಾಗಿ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಉಚಿತ. ಆದರೆ ನಾಲ್ವರೂ ಸೇರಿ ವ್ಯವಹಾರ ನಡೆಸಿ ಲಾಭ ಹಂಚಿಕೊಂಡರೆ ಕಾಗದವಿಲ್ಲದಿದ್ದರೂ ಕಾನೂನು ಅದನ್ನು ಪಾಲುದಾರಿಕೆ ಎಂದೇ ನೋಡಬಹುದು, ಆಗ ಬೆಲ್ಟಿಗೆ ಯಾರದೋ ಬೆರಳು ಸಿಕ್ಕಿದರೆ ಹೊಣೆ ನಾಲ್ವರದ್ದೂ. ಬೆಲ್ಟಿಗೆ ಮುಚ್ಚಳ, ಕೈಗೆ ಎಟುಕುವ ಕೆಂಪು ಸ್ವಿಚ್, ಇವಿಲ್ಲದೆ ಯಂತ್ರ ಹೊರಗೆ ಹೋಗಬಾರದು.

ಕಂಪನಿಗಿಂತ ಮೊದಲು ಬೇಕಾದ್ದು ನಾಲ್ವರ ನಡುವಿನ ಎರಡು ಪುಟದ ಬರಹ. ಗೆಳೆಯರ ನಡುವೆ ಕಾಗದವೇಕೆ ಅನ್ನಿಸುತ್ತದೆ. ಜೂನ್ ನಂತರ ಕಥೆ ಬೇರೆಯಾಗುತ್ತದೆ. ಒಬ್ಬ ಚೇಣಿ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬೆಲ್ಟ್ ತೊಳೆಯುತ್ತಿರುತ್ತಾನೆ, ಇನ್ನೊಬ್ಬನಿಗೆ ತಿಂಗಳ ಸಂಬಳ ಬರುತ್ತಿರುತ್ತದೆ, ಇಬ್ಬರಿಗೂ 25 ಶೇಕಡಾ! ಇದುವರೆಗಿನ ಕೆಲಸಕ್ಕೆ ಎಲ್ಲರಿಗೂ ಒಂದು ಸಣ್ಣ ಪಾಲು ಇರಲಿ. ಉಳಿದದ್ದು ಮುಂದೆ ಕೆಲಸ ಮಾಡುವವರಿಗೆ ಕಾಲಕ್ರಮದಲ್ಲಿ ಸೇರುತ್ತ ಹೋಗಲಿ. ಸ್ಟಾರ್ಟಪ್ ಲೋಕದಲ್ಲಿ ಸಾಮಾನ್ಯವಾಗಿ ಇದನ್ನು ನಾಲ್ಕು ವರ್ಷಕ್ಕೆ ಹರಡುತ್ತಾರೆ, ಮೊದಲ ವರ್ಷ ಮುಗಿಸದವರಿಗೆ ಏನೂ ಇಲ್ಲ. ಬಿಟ್ಟುಹೋದವರ ಕೋಡ್ ಮತ್ತು ಹಕ್ಕು ಸಂಸ್ಥೆಗೇ ಉಳಿಯುತ್ತದೆ ಎಂಬ ಸಾಲೂ ಇರಲಿ. ಕೆಲಸಕ್ಕೆ ಸೇರುವ ಇಬ್ಬರು ಆಫರ್ ಲೆಟರ್‌ ಜೊತೆಗಿನ ಒಪ್ಪಂದ ಪೂರ್ತಿ ಓದಲಿ. ನೌಕರಿಯಲ್ಲಿದ್ದಾಗ ಮಾಡಿದ ಆವಿಷ್ಕಾರ ಕಂಪನಿಯದ್ದು, ಹೊರಗಿನ ಕೆಲಸ ನಿಷಿದ್ಧ ಎಂಬ ಷರತ್ತು ಐಟಿ ಕಂಪನಿಗಳಲ್ಲಿ ಮಾಮೂಲು. 2022ರಲ್ಲಿ ವಿಪ್ರೊ ಸುಮಾರು 300 ಜನರನ್ನು ಹೊರಗಿನ ಕೆಲಸದ ಕಾರಣಕ್ಕೇ ತೆಗೆದಿತ್ತು. ಪ್ರೊವಿಷನಲ್ ಅರ್ಜಿ ಅವರ ಜಾಯ್ನಿಂಗ್ ದಿನಾಂಕಕ್ಕೆ ಮೊದಲೇ ಹೋಗಬೇಕು ಎಂಬುದಕ್ಕೆ ಇದೂ ಒಂದು ಕಾರಣ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ನಿಮಗೆ ಈಗ ಬೇಕಾದದ್ದು ಬಹಳವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಎಲ್ಲರೂ ಕೆಎಸ್‌ಸಿಎಸ್‌ಟಿ ಎನ್ನುವುದು, 1970ರ ದಶಕದಿಂದಲೂ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಸಣ್ಣ ನೆರವು ಕೊಡುತ್ತ ಬಂದಿದೆ. ಆ ಅರ್ಜಿ ಹೋಗುವುದು ಪ್ರಾಜೆಕ್ಟ್ ವರ್ಷದಲ್ಲೇ, ಕಾಲೇಜಿನ ಮೂಲಕ, ನಿಮಗೆ ಕಾಲ ಮೀರಿರಬಹುದು. ಬೆಂಗಳೂರಿನ ಹೊರಗಿನ ಕಾಲೇಜುಗಳಿಗಾಗಿ ರಾಜ್ಯ ಸರ್ಕಾರ ತಂದ ‘ನೈನ್’ (ನ್ಯೂ ಏಜ್ ಇನ್ನೊವೇಷನ್ ನೆಟ್‌ವರ್ಕ್) ಯೋಜನೆಯ ಕೇಂದ್ರ ನಿಮ್ಮಲ್ಲೋ ಹತ್ತಿರದಲ್ಲೋ ಇದೆಯೇ ನೋಡಿ. ನಿಮಗೆ ಹೆಚ್ಚು ಹೊಂದುವುದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ‘ನಿಧಿ’ ಎಂಬ ಹೆಸರಿನ ಯೋಜನೆಗಳು. ಅದರಲ್ಲಿ ‘ಪ್ರಯಾಸ್’ ಮಾದರಿ ಯಂತ್ರ ಮಾಡಲು 10 ಲಕ್ಷದವರೆಗೆ ಕೊಡುತ್ತದೆ, ಕಂಪನಿ ಇಲ್ಲದ ವ್ಯಕ್ತಿಯೂ ಕೇಳಬಹುದು. ‘ಇಐಆರ್’ ನೌಕರಿ ಬಿಟ್ಟು ಇದಕ್ಕೇ ಕೂರುವವರಿಗೆ ತಿಂಗಳಿಗೆ 30 ಸಾವಿರದವರೆಗೆ ಜೀವನ ವೆಚ್ಚ. ಎರಡೂ ಬರುವುದು ಮಾನ್ಯತೆ ಪಡೆದ ಇನ್‌ಕ್ಯುಬೇಟರ್‌ಗಳ ಮೂಲಕ. ಸುರತ್ಕಲ್ ಎನ್‌ಐಟಿಕೆಯ ಸ್ಟೆಪ್, ಮೈಸೂರಿನ ಎಸ್‌ಜೆಸಿಇ ಸ್ಟೆಪ್, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೇಂದ್ರ, ಇವುಗಳಲ್ಲಿ ಈಗ ಯಾವ ಯೋಜನೆಗೆ ಅರ್ಜಿ ಕರೆದಿದ್ದಾರೆ ಎಂದು ಫೋನ್ ಮಾಡಿ ವಿಚಾರಿಸಿ. ರಾಜ್ಯದ ಎಲಿವೇಟ್ ಸ್ಪರ್ಧೆಯಲ್ಲಿ 50 ಲಕ್ಷದವರೆಗೆ ಅನುದಾನವಿದೆ, ಅದು ನೋಂದಾಯಿತ ಸ್ಟಾರ್ಟಪ್‌ಗೆ, ಸುಗ್ಗಿ ಮುಗಿದ ಮೇಲಿನ ಮಾತು. ಖಾಸಗಿ ಹೂಡಿಕೆದಾರರ ಹತ್ತಿರ ಹೋದರೆ ಮಾರುಕಟ್ಟೆಗಿಂತ ಮೊದಲು ಒಬ್ಬರಲ್ಲ ಒಬ್ಬರು ಅಡಿಕೆಯ ಆರೋಗ್ಯದ ಪ್ರಶ್ನೆ ಎತ್ತುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಇದೇ ಯಂತ್ರ ಜಾಯಿಕಾಯಿಗೋ ಗೋಡಂಬಿಗೋ ಹೊಂದೀತೇ ಎಂದು ಈಗಲೇ ಸ್ವಲ್ಪ ಯೋಚಿಸಿಡಿ.

ಯಾರೂ ಸೆಪ್ಟೆಂಬರಿಗೆ ಉಳಿಯುವುದಿಲ್ಲ ಎಂದಾದರೆ? ಅದರಲ್ಲಿ ಅವಮಾನವೇನಿಲ್ಲ. 2010ರ ಜುಲೈ 12ರಂದು ಪಿಎಸ್‌ಎಲ್‌ವಿಯಲ್ಲಿ ಹೋದ ಸ್ಟಡ್‌ಸ್ಯಾಟ್ ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಕಟ್ಟಿದ, ಒಂದು ಕೆಜಿಗೂ ಕಡಿಮೆ ತೂಕದ ಉಪಗ್ರಹ. ಅದನ್ನು ಯಾರೂ ಮಾರಾಟಕ್ಕೆ ಕಟ್ಟಲಿಲ್ಲ, ಕಟ್ಟಿ ಕಲಿತರು. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹ್ಮದ್ ಪಿಲಾನಿಯ ಬಿಟ್ಸ್‌ನಲ್ಲಿ ಓದುತ್ತಿದ್ದಾಗಲೇ ಗೆಳೆಯ ಕ್ಷಿತಿಜ್ ಖಂಡೇಲ್‌ವಾಲ್ ಜೊತೆ 2019ರಲ್ಲಿ ಪಿಕ್ಸೆಲ್ ಎಂಬ ಕಂಪನಿ ಶುರು ಮಾಡಿದರು. ಉಪಗ್ರಹ ಚಿತ್ರಗಳಿಂದ ಬೇರೇನೋ ಮಾಡಲು ಹೊರಟು, ಸಿಗುವ ಚಿತ್ರಗಳೇ ಸಾಲದು ಎಂದು ಕಂಡಾಗ ಉಪಗ್ರಹವನ್ನೇ ಕಟ್ಟಲು ಕೂತವರು. ಎರಡೂ ವಿದ್ಯಾರ್ಥಿಗಳ ಕೆಲಸವೇ. ಮೊದಲನೆಯದಕ್ಕೆ ಕಂಪನಿ ಬೇಕಿರಲಿಲ್ಲ, ಎರಡನೆಯದಕ್ಕೆ ಡಿಗ್ರಿಯ ಆಚೆಗೂ ಅದರಲ್ಲೇ ಇರುವವರು ಬೇಕಿತ್ತು. ನಿಮ್ಮದು ಮೊದಲ ಬಗೆಯದಾದರೆ ಚಿತ್ರಗಳನ್ನೂ ಕೋಡನ್ನೂ ಒಪ್ಪವಾಗಿ ಜೋಡಿಸಿ ಮುಂದಿನ ಬ್ಯಾಚಿಗೆ ಕೊಡಿ, ಆದರೆ ಜುಲೈನಲ್ಲಿ ಪ್ರಾಜೆಕ್ಟ್ ಹಿಡಿಯುವ ಬ್ಯಾಚಿಗೆ ಕೊಡಿ, ಜನವರಿಯವರಿಗಲ್ಲ. ಆಗ ಅವರ ಕೈಗೆ ಯಂತ್ರದ ಜೊತೆ ಅಡಿಕೆಯೂ ಸಿಗುತ್ತದೆ.

ಒಬ್ಬರಾದರೂ ಉಳಿಯುವುದಾದರೆ ಮನೆಯವರ ಜೊತೆ ಮಾತಾಡುವಾಗ ‘ಸ್ಟಾರ್ಟಪ್ ಮಾಡುತ್ತೇನೆ’ ಎನ್ನಬೇಡಿ, ‘ಫೆಬ್ರುವರಿವರೆಗೆ ಸಮಯ ಕೊಡಿ’ ಎನ್ನಿ. ಸೆಲೆಕ್ಷನ್ ಆದ ಇಬ್ಬರೂ ಜಾಯ್ನಿಂಗ್ ದಿನಾಂಕ ಮುಂದೂಡಲು ಬರುತ್ತದೆಯೇ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಲಿ. ಕೆಲವು ಕಂಪನಿಗಳು ತಾವಾಗಿಯೇ ತಿಂಗಳುಗಟ್ಟಲೆ ಕಾಯಿಸುತ್ತವೆ, ನೀವು ಕೇಳಿದರೆ ಬೇಡ ಎನ್ನಲಿಕ್ಕಿಲ್ಲ. ಈ ವಾರದ ಕೆಲಸ ಮಾತ್ರ ಎರಡೇ: ಮಂಡಿಯವರ ಹತ್ತಿರ ಮುಂಗಡದ ಮಾತು, ಕಾಲೇಜಿಗೆ ಹಕ್ಕಿನ ನಿಯಮ ಕೇಳಿ ಪತ್ರ. ಆ ಪತ್ರಕ್ಕೆ ಉತ್ತರ ಬರುವವರೆಗೆ ಗೈಡ್ ಕೊಟ್ಟ ಫಾರಂ ನಿಮ್ಮ ಬಳಿಯೇ ಇರಲಿ.